ಹಬ್ಬದ ಸಿಹಿರೊಟ್ಟಿ: ಒಂದು ಹಿಡಿ ಖಮೀರಿನ ಚರಿತ್ರೆ

ಇತಿಹಾಸ ಎಂದೊಡನೆ ನಿಮಗೆ ನೆನಪಾಗುವುದು ಕೋಟೆ, ಶಾಸನ, ಯುದ್ಧ, ರಾಜರ ವಂಶಾವಳಿ. ಅಡುಗೆಮನೆಯ ನೆನಪು ಬರುವುದು ಕಡಿಮೆ. ಆದರೆ ಸಾಮ್ರಾಜ್ಯಗಳು ಅಳಿದ ಮೇಲೆ ಅವುಗಳ ಜತೆ ಬಂದ ಪದಾರ್ಥಗಳು, ಪದಗಳು, ಕೈಚಳಕಗಳು ಉಳಿದುಕೊಳ್ಳುವುದು ಹೆಚ್ಚಾಗಿ ಅಡುಗೆಮನೆಯಲ್ಲೇ. ಇಂದು ನಿಮ್ಮನ್ನು ಕಲಬುರಗಿಯ ಜೇವರ್ಗಿ ಕಾಲೋನಿಯ ಒಂದು ಚಿಕ್ಕ ಅಡುಗೆಮನೆಗೆ ಕರೆದೊಯ್ಯುತ್ತೇನೆ. ಅಲ್ಲಿ ರಂಜಾನ್ ಹಬ್ಬಕ್ಕೆ ವೃದ್ಧೆಯೊಬ್ಬರು ಶೀರ್‌ಮಾಲ್ ಎಂಬ ಸಿಹಿರೊಟ್ಟಿಯನ್ನು ಮನೆಯಲ್ಲೇ ಬೇಯಿಸುತ್ತಾರೆ. ಮೈದಾ, ಹಾಲು, ತುಪ್ಪ, ಸಕ್ಕರೆ, ನಾಲ್ಕು ಎಸಳು ಕೇಸರಿ, ಮತ್ತು ಒಂದು ಹಿಡಿ ಖಮೀರು. ಖಮೀರು ಎಂದರೆ ಹಿಂದಿನ ಸಲದ ಹಿಟ್ಟಿನಿಂದ ತೆಗೆದಿಟ್ಟ ಹುಳಿಹಿಟ್ಟು. ಈ ಒಂದು ಹಿಡಿ ಹಿಟ್ಟಿನ ಹಿಂದೆ ಎಷ್ಟು ದೂರದ ಚರಿತ್ರೆ ಅಡಗಿದೆ ಎಂಬುದನ್ನು ನೋಡೋಣ.

ಮೊದಲು ನಮ್ಮ ನೆಲವನ್ನು ಗಮನಿಸಿ. ಕಲಬುರಗಿ ತೊಗರಿಯ ಕಣಜ, ಜೋಳದ ಸೀಮೆ. ಇಲ್ಲಿನ ದಿನನಿತ್ಯದ ಊಟ ಬಿಳಿಜೋಳದ ರೊಟ್ಟಿ. ಆ ರೊಟ್ಟಿಯನ್ನು ಬಡಿದು, ಹಂಚಿನ ಮೇಲೆ ಹಾಕಿ, ನೀರು ಸವರಿ, ಕೆಂಡಕ್ಕೆ ಹಿಡಿದರೆ ಅದು ಒಮ್ಮೆ ಉಬ್ಬುತ್ತದೆ. ಆದರೆ ಒಳಗಿನ ಹಬೆ ಹೋದೊಡನೆ ಇಳಿದುಬಿಡುತ್ತದೆ. ಎಷ್ಟು ಹುದುಗು ಹಾಕಿದರೂ ಜೋಳದ ಹಿಟ್ಟು ಬ್ರೆಡ್ಡಿನಂತೆ ಅರಳಿ ನಿಲ್ಲುವುದಿಲ್ಲ. ಇದಕ್ಕೆ ಕಾರಣವನ್ನು ನೀವೇ ಪರೀಕ್ಷಿಸಬಹುದು. ಗೋಧಿಹಿಟ್ಟಿನ ಕಣಕದ ಒಂದು ಉಂಡೆಯನ್ನೂ ಜೋಳದ ಹಿಟ್ಟಿನ ಒಂದು ಉಂಡೆಯನ್ನೂ ನೀರಿನಲ್ಲಿ ಮೆಲ್ಲಗೆ ಹಿಸುಕಿ ತೊಳೆಯಿರಿ. ಜೋಳದ್ದು ನೀರಿನಲ್ಲಿ ಕರಗಿ ಚದುರಿಹೋಗುತ್ತದೆ. ಗೋಧಿಯದರಲ್ಲಿ ಪಿಷ್ಟವೆಲ್ಲ ಹೋದ ಮೇಲೂ ರಬ್ಬರಿನಂಥ ಒಂದು ಮುದ್ದೆ ಕೈಯಲ್ಲಿ ಉಳಿಯುತ್ತದೆ. ಅದೇ ಗ್ಲುಟೆನ್ ಎಂಬ ಸಸಾರಜನಕ. ಹುದುಗಿನಿಂದ ಹುಟ್ಟುವ ಅನಿಲವನ್ನು ಪುಗ್ಗೆಯಂತೆ ಹಿಡಿದಿಡುವ ಶಕ್ತಿ ಇರುವುದು ಅದಕ್ಕೆ. ಆದ್ದರಿಂದ ಜೋಳದ ನಾಡಿನಲ್ಲಿ ಉಬ್ಬಿದ ರೊಟ್ಟಿ ಅತಿಥಿಯೇ ಸರಿ. ಅದು ಹಬ್ಬಕ್ಕೆ ಬರಬೇಕಾದದ್ದು.

ಹಾಗೆಂದು ಗೋಧಿ ಈ ಸೀಮೆಗೆ ಹೊಸದಲ್ಲ. ಕಲಬುರಗಿಯಿಂದ ಸುಮಾರು 80 ಕಿಲೋಮೀಟರು ದೂರದ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರ ಅನ್ನಭೋಗದ ಭಾಗದಲ್ಲಿ ಗೋಧಿಯನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಬೀಸಿ, ಜರಡಿ ಹಿಡಿದು ಬಿಳಿಯ ನುಣುಪು ಹಿಟ್ಟು ಮಾಡುವ ಕ್ರಮವಿದೆ. ಆ ಹಿಟ್ಟಿನಿಂದ ಮಂಡಕ ಮಾಡುವ ವಿಧಾನವೂ ಇದೆ. ಮಂಡಿಗೆ ಎಂಬ ಹೆಸರು ಉತ್ತರ ಕರ್ನಾಟಕದಲ್ಲಿ ಇಂದಿಗೂ ಉಳಿದಿದೆ. ಆದರೆ ಮಂಡಿಗೆ ತೆಳುವಾದ ತಿನಿಸು, ಹುದುಗಿನ ರೊಟ್ಟಿಯಲ್ಲ. ನಮ್ಮ ಹೋಳಿಗೆಯೂ ಅಷ್ಟೇ. ಕಣಕ ನೆನೆಯುತ್ತದೆಯೇ ಹೊರತು ಹುದುಗುವುದಿಲ್ಲ.

ಹಾಗಾದರೆ ಶೀರ್‌ಮಾಲ್ ಎಲ್ಲಿಂದ ಬಂತು? ಇಂಥ ಪ್ರಶ್ನೆಗೆ ಇತಿಹಾಸದ ವಿದ್ಯಾರ್ಥಿ ಮೊದಲು ಪದಗಳನ್ನೇ ಸಾಕ್ಷಿಗೆ ಕರೆಯಬೇಕು. ‘ಶೀರ್’ ಎಂದರೆ ಪಾರಸಿಯಲ್ಲಿ ಹಾಲು. ‘ಮಾಲ್’ ಎಂಬುದು ತಿಕ್ಕು, ನಾದು ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಹಾಲಿನಲ್ಲಿ ನಾದಿದ್ದೇ ಶೀರ್‌ಮಾಲ್. ನಾವು ಬಳಸುವ ‘ಕ್ಷೀರ’ ಮತ್ತು ಪಾರಸಿಯ ‘ಶೀರ್’ ಒಂದೇ ಮೂಲದಿಂದ ಕವಲೊಡೆದ ಅಕ್ಕತಂಗಿ ಪದಗಳು ಎಂಬುದನ್ನೂ ಗಮನಿಸಿ. ಖಮೀರು ಅರಬ್ಬಿ ಪದ. ನಾನ್ ಪಾರಸಿ ಪದ. ಇರಾನಿನಲ್ಲಿ ಇಂದಿಗೂ ಶೀರ್‌ಮಾಲ್ ಎಂಬ ಹೆಸರಿನ, ಹುದುಗು ಬರಿಸಿದ ಸಿಹಿರೊಟ್ಟಿ ಇದೆ. ಪದಗಳು ಬಂದ ದಿಕ್ಕು ಹೀಗೆ ಸ್ಪಷ್ಟವಾಗಿದೆ.

ಎರಡನೆಯ ಸಾಕ್ಷಿ ಕಲ್ಲಿನದು. 1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಷಾ ಬಹಮನಿ ರಾಜ್ಯವನ್ನು ಸ್ಥಾಪಿಸಿದನು. ಕಲಬುರಗಿ ಅದರ ರಾಜಧಾನಿಯಾಯಿತು. ಕೋಟೆಯೊಳಗಿನ ಜಾಮಿ ಮಸೀದಿಯನ್ನು ನೀವು ನೋಡಿರಬಹುದು. ಅಂಗಳವೇ ಇಲ್ಲದೆ ಇಡೀ ಕಟ್ಟಡಕ್ಕೆ ಗುಮ್ಮಟಗಳ ಚಾವಣಿ ಹೊದಿಸಿದ ಅಪರೂಪದ ಮಸೀದಿ ಅದು. ಅಲ್ಲಿಯ 1367ರ ಶಾಸನದಲ್ಲಿ ಅದನ್ನು ಕಟ್ಟಿಸಿದವನ ಹೆಸರು ರಫೀ ಎಂದಿದೆ. ಅವನ ಮನೆತನದ ಊರು ಇರಾನಿನ ಕಜ್ವೀನ್. 1397ರಿಂದ 1422ರವರೆಗೆ ಆಳಿದ ಫಿರೋಜ್ ಷಾ ಬಹಮನಿಯು ಪ್ರತಿಭಾವಂತರನ್ನು ಕರೆತರಲು ಪಶ್ಚಿಮ ಕರಾವಳಿಯ ಬಂದರುಗಳಿಂದ ಹಡಗುಗಳನ್ನು ಕಳುಹಿಸುತ್ತಿದ್ದನೆಂದು ಮುಂದೆ ಬಿಜಾಪುರದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. 1400ರ ಸುಮಾರಿಗೆ ದೆಹಲಿಯ ಕಡೆಯಿಂದ ಹಜರತ್ ಖ್ವಾಜಾ ಬಂದೇನವಾಜರು ಬಂದು ಇಲ್ಲಿ ನೆಲೆಸಿದರು. 1422ರಲ್ಲಿ ಅವರು ನಿಧನರಾದರು. ಅವರ ದರ್ಗಾದ ಉರುಸಿಗೆ ಇಂದಿಗೂ ಎಲ್ಲ ಮತಗಳ ಜನ ಸೇರುತ್ತಾರೆ. ವಾಸ್ತುಶಿಲ್ಪಿಗಳು, ಸೈನಿಕರು, ಕವಿಗಳು, ವ್ಯಾಪಾರಿಗಳು ಬಂದಲ್ಲಿಗೆ ಅವರ ರೊಟ್ಟಿ ಸುಡುವವರೂ ಬರಲೇಬೇಕಲ್ಲವೇ? ಮನುಷ್ಯ ಹೊಸ ಊರಿಗೆ ಹೊಂದಿಕೊಳ್ಳಬಲ್ಲ. ಅವನ ನಾಲಗೆ ಹೊಂದಿಕೊಳ್ಳಲು ಹೆಚ್ಚು ಕಾಲ ಬೇಕಾಗುತ್ತದೆ.

ಮೂರನೆಯ ಸಾಕ್ಷಿ ಬರವಣಿಗೆಯದು. ಅಕ್ಬರನ ಆಸ್ಥಾನದ ಅಬುಲ್ ಫಜಲ್ 16ನೇ ಶತಮಾನದ ಕೊನೆಯಲ್ಲಿ ಬರೆದ ‘ಐನ್-ಇ-ಅಕ್ಬರಿ’ಯಲ್ಲಿ ಅರಮನೆಯ ಅಡುಗೆಮನೆಯ ಲೆಕ್ಕವಿದೆ. ಒಲೆಯಲ್ಲಿ ಸುಡುವ ದೊಡ್ಡ ರೊಟ್ಟಿಗೆ ಅವನು ಕೊಡುವ ಪ್ರಮಾಣ ಹೀಗಿದೆ: ಹಿಟ್ಟು 10 ಸೇರು, ಹಾಲು 5 ಸೇರು, ತುಪ್ಪ ಒಂದೂವರೆ ಸೇರು, ಉಪ್ಪು ಕಾಲು ಸೇರು. ಇದನ್ನು ಇಂದಿನ ತೂಕಕ್ಕೆ ಇಳಿಸಿ. ಒಂದು ಕಿಲೋ ಹಿಟ್ಟಿಗೆ ಅರ್ಧ ಕಿಲೋ ಹಾಲು, 150 ಗ್ರಾಂ ತುಪ್ಪ, 25 ಗ್ರಾಂ ಉಪ್ಪು.

ಈಗ ಜೇವರ್ಗಿ ಕಾಲೋನಿಯ ಮನೆಗೆ ಬನ್ನಿ. 2023ರ ಏಪ್ರಿಲಿನಲ್ಲಿ, ರಂಜಾನ್ ಹಬ್ಬಕ್ಕೆ ಮೂರು ದಿನ ಮುಂಚೆ, ಒಂದು ಕಾರ್ಯಕ್ರಮದ ಸಿದ್ಧತೆಗಾಗಿ ನಾನು ಅಲ್ಲಿಗೆ ಹೋಗಿದ್ದೆ. ಆ ತಾಯಿ ಓದು ಬರಹ ಬಲ್ಲವರಲ್ಲ. ಅವರ ಅಳತೆ ಹೀಗಿತ್ತು: ಒಂದು ಕಿಲೋ ಮೈದಾಕ್ಕೆ ಅರ್ಧ ಲೀಟರು ಹಾಲು, ಚಹದ ಕಪ್ಪಿನಿಂದ ಒಂದು ಕಪ್ಪು ತುಪ್ಪ, ಅದೇ ಕಪ್ಪಿನಿಂದ ಸಕ್ಕರೆ, ಎರಡು ಚಮಚ ಉಪ್ಪು. ಸಕ್ಕರೆಯನ್ನು ಬಿಟ್ಟರೆ ಅಬುಲ್ ಫಜಲನ ಪಟ್ಟಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ನನಗೆ ರೋಮಾಂಚನವಾಯಿತು. ನಾಲ್ಕು ಶತಮಾನಗಳ ದಾಖಲೆ ಒಂದು ಚಹದ ಕಪ್ಪಿನಲ್ಲಿ ಸಿಕ್ಕಿತೆಂದು ಅಲ್ಲಿಯೇ ಬರೆದುಕೊಂಡೆ.

ಮಿತ್ರರೇ, ಇಲ್ಲಿ ನೀವು ಸ್ವಲ್ಪ ತಡೆಯಬೇಕು. ನಾನೂ ಆ ರಾತ್ರಿ ತಡೆದು ಯೋಚಿಸಿದೆ. ಎರಡು ಪಟ್ಟಿಗಳು ಹೋಲುತ್ತವೆ ಎಂದ ಮಾತ್ರಕ್ಕೆ ಒಂದು ಇನ್ನೊಂದರಿಂದ ಹುಟ್ಟಿತೆಂದು ಹೇಳಲಾಗದು. ನಾದಲು ಬರುವಂಥ ಕಣಕವಾಗಲು ಹಿಟ್ಟಿಗೆ ಅದರ ತೂಕದ ಅರ್ಧದಷ್ಟಾದರೂ ದ್ರವ ಬೇಕು. ತುಪ್ಪ ಬಹಳ ಹೆಚ್ಚಾದರೆ ಗ್ಲುಟೆನ್ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲ. ಉಪ್ಪು ಹೆಚ್ಚಾದರೆ ಹುದುಗು ಕುಗ್ಗುತ್ತದೆ. ಆದ್ದರಿಂದ ಯಾವ ದೇಶದ ಯಾವ ಜಾಣ ಕೈ ಈ ಕೆಲಸಕ್ಕೆ ಇಳಿದರೂ ಕೊನೆಗೆ ಇದೇ ಪ್ರಮಾಣದ ಸಮೀಪಕ್ಕೆ ಬಂದು ನಿಲ್ಲುತ್ತದೆ. ಹೋಲಿಕೆಗೆ ವಂಶ ಒಂದು ಕಾರಣವಾದರೆ, ಪದಾರ್ಥದ ಗುಣ ಇನ್ನೊಂದು ಕಾರಣ. ಹೆಸರು ಬಂದ ದಿಕ್ಕನ್ನು ಪದ ಹೇಳುತ್ತದೆ, ಜನ ಬಂದ ದಿಕ್ಕನ್ನು ಶಾಸನ ಹೇಳುತ್ತದೆ. ಅಳತೆ ಹೇಳುವುದು ಗೋಧಿಯ ಸ್ವಭಾವವನ್ನು. ಪ್ರತಿಯೊಂದು ಸಾಕ್ಷಿಯಿಂದಲೂ ಅದಕ್ಕೆ ತಿಳಿದಷ್ಟನ್ನೇ ಕೇಳಬೇಕು.

ಮರುದಿನ ನಾನೇ ಹಿಟ್ಟು ಕಲಸುತ್ತೇನೆಂದು ಹೊರಟೆ. ವಿಜ್ಞಾನದ ಪದವೀಧರನೆಂಬ ಧೈರ್ಯ. ಹಾಲನ್ನು ಚೆನ್ನಾಗಿ ಕಾಯಿಸಿ, ಬಿಸಿಬಿಸಿಯಾಗಿಯೇ ಖಮೀರಿನ ಮೇಲೆ ಸುರಿದೆ. ಎರಡು ತಾಸು ಕಳೆದರೂ ಹಿಟ್ಟು ಅಲುಗಲಿಲ್ಲ. ಖಮೀರು ಸತ್ತಿತ್ತೇನೋ ಎಂದೆ. ಆ ತಾಯಿ ನಕ್ಕು, “ಅದು ಸತ್ತಿದ್ದಿಲ್ಲ ತಮ್ಮಾ, ನೀನೇ ಸಾಯಿಸೀದಿ” ಎಂದರು. ಬಳಿಕ ಇನ್ನೊಂದು ಪಾತ್ರೆಯ ಹಾಲನ್ನು ಮುಂದಿಟ್ಟು, “ಹಾಲಿನಾಗ ಬೆರಳ ಇಡು. ಹತ್ತರ ತನಕ ಎಣಸು. ಬೆರಳ ತಾಳಿದ್ರ ಖಮೀರೂ ತಾಳ್ತದ” ಎಂದು ಹೇಳಿಕೊಟ್ಟರು.

ಆ ಬೆರಳಿನ ಲೆಕ್ಕದ ಹಿಂದಿನ ವಿಜ್ಞಾನವನ್ನು ತಿಳಿಯಲು ಮನುಷ್ಯನಿಗೆ ಬಹಳ ಕಾಲ ಬೇಕಾಯಿತು. 1680ರಲ್ಲಿ ಹಾಲೆಂಡಿನ ಲೀವನ್‌ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ಯೀಸ್ಟಿನ ಗುಂಡು ಕಣಗಳನ್ನು ಕಂಡನು. ಆದರೆ ಅವು ಜೀವಿಗಳೆಂದು ಅವನಿಗೆ ಹೊಳೆಯಲಿಲ್ಲ. 1837ರ ಸುಮಾರಿಗೆ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್, ಜರ್ಮನಿಯ ಥಿಯೋಡೋರ್ ಶ್ವಾನ್ ಮೊದಲಾದವರು ಅವು ಮೊಗ್ಗೊಡೆದು ಬೆಳೆಯುವ ಜೀವಿಗಳೆಂದು ತೋರಿಸಿದರು. ಅಂದಿನ ದೊಡ್ಡ ರಸಾಯನಶಾಸ್ತ್ರಜ್ಞರು ಇದನ್ನು ಗೇಲಿ ಮಾಡಿದರು. 1857ರಿಂದ ಮುಂದೆ ಲೂಯಿ ಪಾಶ್ಚರ್ ನಡೆಸಿದ ಪ್ರಯೋಗಗಳು ಹುದುಗುವಿಕೆ ಜೀವಿಗಳ ಕೆಲಸವೆಂಬುದನ್ನು ಸ್ಥಿರಪಡಿಸಿದವು. 1897ರಲ್ಲಿ ಎಡುವರ್ಡ್ ಬುಕ್ನರ್ ಯೀಸ್ಟನ್ನು ಅರೆದು ತೆಗೆದ ರಸವೂ ಸಕ್ಕರೆಯನ್ನು ಹುದುಗಿಸುತ್ತದೆಂದು ಕಂಡುಹಿಡಿದು, 1907ರಲ್ಲಿ ನೊಬೆಲ್ ಬಹುಮಾನ ಪಡೆದನು. ಯೀಸ್ಟಿನ ಕೋಶದೊಳಗಿನ ಕಿಣ್ವಗಳು ಸಕ್ಕರೆಯನ್ನು ಒಡೆದು ಇಂಗಾಲದ ಡೈಆಕ್ಸೈಡನ್ನೂ ಮದ್ಯಸಾರವನ್ನೂ ಉಂಟುಮಾಡುತ್ತವೆ. ಅನಿಲ ಹಿಟ್ಟನ್ನು ಉಬ್ಬಿಸುತ್ತದೆ, ಮದ್ಯಸಾರ ಬೇಯುವಾಗ ಆವಿಯಾಗಿ ಹೋಗುತ್ತದೆ. ಖಮೀರಿನಲ್ಲಿ ಯೀಸ್ಟಿನ ಜತೆಗೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳೂ ಇರುತ್ತವೆ. ಸಣ್ಣ ಹುಳಿ, ಒಳ್ಳೆಯ ಪರಿಮಳ ಬರುವುದು ಅವುಗಳಿಂದ. ಸುಮಾರು 25ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಯೀಸ್ಟು ಚುರುಕಾಗಿರುತ್ತದೆ. 55-60 ಡಿಗ್ರಿ ದಾಟಿದರೆ ಸಾಯುತ್ತದೆ. ನನ್ನ ಹಾಲು ಅದಕ್ಕಿಂತ ಬಿಸಿಯಾಗಿತ್ತು. ಪುಸ್ತಕದಲ್ಲಿ ಓದಿದ್ದು ನನ್ನ ತಲೆಯಲ್ಲಿತ್ತು. ಬೇಕಾದ ಹೊತ್ತಿಗೆ ಅದು ಬೆರಳಿಗೆ ಇಳಿಯಲಿಲ್ಲ.

ಸಿಹಿರೊಟ್ಟಿಯ ಹಿಟ್ಟು ಸಾದಾ ಹಿಟ್ಟಿಗಿಂತ ಮೊಂಡು. ಸಕ್ಕರೆ ಯೀಸ್ಟಿಗೆ ಆಹಾರ ನಿಜ. ಆದರೆ ಅದು ಹೆಚ್ಚಾದರೆ ಕೋಶದೊಳಗಿನ ನೀರನ್ನೇ ಹೊರಕ್ಕೆ ಎಳೆಯುತ್ತದೆ. ಉಪ್ಪಿನಕಾಯಿಯಲ್ಲಿ ಮಾವಿನ ಹೋಳು ಸುಕ್ಕಾಗುವುದೂ ಇದೇ ಪರಾಸರಣದಿಂದ. ಆದ್ದರಿಂದ ಇಂಥ ಹಿಟ್ಟು ನಿಧಾನವಾಗಿ ಏಳುತ್ತದೆ. ಆ ತಾಯಿ ಇದಕ್ಕೆ ಉಪಾಯ ಕಂಡುಕೊಂಡಿದ್ದರು. ಮೊದಲು ಸ್ವಲ್ಪ ಮೈದಾ, ಸ್ವಲ್ಪ ಹಾಲಿನಲ್ಲಿ ಖಮೀರನ್ನು ಎಬ್ಬಿಸಿ, ಅದು ಗುಳ್ಳೆಯಾದ ಮೇಲಷ್ಟೇ ಸಕ್ಕರೆಯನ್ನೂ ತುಪ್ಪವನ್ನೂ ಸೇರಿಸಿ ನಾದುತ್ತಿದ್ದರು.

ಇನ್ನೊಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಹಬ್ಬಕ್ಕೆ ಸಿಹಿ ಹುದುಗುರೊಟ್ಟಿ ಮಾಡುವ ಪದ್ಧತಿ ಲೋಕದಲ್ಲಿ ಅನೇಕ ಕಡೆ ಇದೆ. ಇಟಲಿಯ ಮಿಲಾನಿನಲ್ಲಿ ಕ್ರಿಸ್‌ಮಸ್ಸಿಗೆ ಪನೆತ್ತೋನೆ, ರಷ್ಯಾದಲ್ಲಿ ಈಸ್ಟರಿಗೆ ಕುಲಿಚ್. ದಿನದ ರೊಟ್ಟಿ ಬಡವಾಗಿದ್ದಷ್ಟೂ ಹಬ್ಬದ ರೊಟ್ಟಿಗೆ ಹಾಲು, ಬೆಣ್ಣೆ, ಸಕ್ಕರೆ ಸೇರಿಸುವ ಆಸೆ ಎಲ್ಲ ಜನರಿಗೂ ಒಂದೇ. ಆದರೆ ಮಿಲಾನಿನ ಗೃಹಿಣಿಗೆ ಹಬ್ಬ ಯಾವಾಗಲೂ ಚಳಿಗಾಲದಲ್ಲೇ ಬರುತ್ತದೆ. ನಮ್ಮ ರಂಜಾನ್ ಚಾಂದ್ರಮಾನದ ಹಬ್ಬ. ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತಾ, 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2000ನೇ ಇಸವಿಯಲ್ಲಿ ಜನವರಿಯ ಆರಂಭದಲ್ಲಿ ಒಮ್ಮೆ, ಡಿಸೆಂಬರ್ ಕೊನೆಯಲ್ಲಿ ಮತ್ತೊಮ್ಮೆ, ಒಂದೇ ವರ್ಷದಲ್ಲಿ ಎರಡು ರಂಜಾನ್ ಹಬ್ಬಗಳು ಬಂದಿದ್ದವು. ಆ ತಾಯಿ ಅತ್ತೆಯ ಕೈಕೆಳಗೆ ಮೊದಲ ಸಲ ಹಿಟ್ಟು ನಾದಿದ್ದು 1964ರಲ್ಲಿ, ಫೆಬ್ರವರಿಯ ಹಬ್ಬಕ್ಕೆ. ಹಬ್ಬ ಮತ್ತೆ ಅದೇ ಹೊತ್ತಿಗೆ ಬಂದಾಗ ಇಸವಿ 1997. ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ನಸುಕಿನ ಸಹರಿ ಊಟವಾದ ಕೂಡಲೇ ಹಿಟ್ಟು ಕಲಸಿ ತಂಪಿನಲ್ಲಿ ಇಡಬೇಕು, ತಡವಾದರೆ ಹುಳಿ ಏರುತ್ತದೆ. ಚಳಿಗಾಲದಲ್ಲಿ ಅದೇ ಹಿಟ್ಟನ್ನು ಕೌದಿಯಲ್ಲಿ ಸುತ್ತಿ ಒಲೆಯ ಪಕ್ಕದಲ್ಲಿ ಮಲಗಿಸಬೇಕು. ಒಂದೇ ರೊಟ್ಟಿಯನ್ನು ಎಲ್ಲ ಋತುಗಳಲ್ಲೂ ಮಾಡಲು ಕಲಿಯಬೇಕಾದರೆ 33 ವರ್ಷ ಬೇಕು. ಇದು ಯಾವ ವಿಶ್ವವಿದ್ಯಾಲಯದ ಪಠ್ಯಕ್ಕಿಂತಲೂ ದೀರ್ಘವಾದ ವ್ಯಾಸಂಗ. ಅದರ ಮೇಲೆ ಉಪವಾಸದ ಕಟ್ಟು. ಹಗಲಿನಲ್ಲಿ ನಾಲಗೆಗೆ ಹಚ್ಚಿ ರುಚಿ ನೋಡುವುದಿಲ್ಲವಾದ್ದರಿಂದ ಅಳತೆ ತಪ್ಪುವಂತಿಲ್ಲ. ಆ ಚಹದ ಕಪ್ಪು ಬದಲಾಗದೆ ಉಳಿದಿರುವುದು ಇದಕ್ಕೇ.

ಮನೆಯಲ್ಲಿ ತಂದೂರಿಯ ಭಟ್ಟಿ ಇರುವುದಿಲ್ಲ. ಹೀಗಾಗಿ ದಪ್ಪ ತಳದ ಪತೇಲಿಯಲ್ಲಿ ಮರಳು ಹರವಿ, ಅದರ ಮೇಲೆ ತಟ್ಟೆಯಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡುತ್ತಾರೆ. ಕೆಳಗಿನ ಶಾಖದ ಜತೆಗೆ ಮೇಲಿನ ಶಾಖವೂ ಸಿಕ್ಕಿ ರೊಟ್ಟಿಗೆ ಎರಡೂ ಕಡೆ ಬಣ್ಣ ಬರುತ್ತದೆ. ಹಿಟ್ಟನ್ನು ಬೆರಳಗಲ ದಪ್ಪಕ್ಕೆ ತಟ್ಟಿ, ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ಕೇಸರಿ ಹಾಲು ಸವರುತ್ತಾರೆ. ಚುಚ್ಚದಿದ್ದರೆ ಒಳಗಿನ ಹಬೆಗೆ ರೊಟ್ಟಿ ಪುರಿಯಂತೆ ಉಬ್ಬಿ ಎರಡು ಪದರವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಅವರು ಒಂದು ಘಟನೆಯನ್ನು ಹೇಳಿದರು. ಬಹಳ ವರ್ಷಗಳ ಹಿಂದೆ ಅವರು ಕಾಯಿಲೆಯಿಂದ ಒಂದು ತಿಂಗಳು ಆಸ್ಪತ್ರೆಯಲ್ಲಿದ್ದರಂತೆ. ಮನೆಗೆ ಬಂದು ನೋಡಿದರೆ ಖಮೀರಿನ ಪಾತ್ರೆಯಲ್ಲಿ ಕಪ್ಪು ಬೂಸರು. ಅತ್ತೆಯ ಕಾಲದಿಂದ ಬಂದ ಹಿಟ್ಟು ಹಾಳಾಗಿತ್ತು. ಅಂಗಡಿಯಲ್ಲಿ ಯೀಸ್ಟಿನ ಪುಡಿ ಸಿಗುತ್ತಿತ್ತು, ಅದರಿಂದಲೂ ರೊಟ್ಟಿ ಏಳುತ್ತಿತ್ತು. ಆದರೆ ಅವರ ದುಃಖ ರೊಟ್ಟಿಯದಾಗಿರಲಿಲ್ಲ. ಆಗ ನೆನಪಾಯಿತು, ಮದುವೆಯಾಗಿ ಕಮಲಾಪುರಕ್ಕೆ ಹೋದ ನಾದಿನಿಗೆ ತಾವೇ ಒಮ್ಮೆ ಒಂದು ಹಿಡಿ ಖಮೀರು ಕೊಟ್ಟಿದ್ದೆವು ಎಂದು. ಕಮಲಾಪುರ ಇಲ್ಲಿಂದ ಸುಮಾರು 35 ಕಿಲೋಮೀಟರು, ಹುಮನಾಬಾದ್ ರಸ್ತೆಯಲ್ಲಿದೆ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕೆಂಪು ಬಾಳೆಯ ಊರು, ಈಗ ತಾಲ್ಲೂಕು ಕೇಂದ್ರ. ಸುದ್ದಿ ಕಳುಹಿಸಿದರು. ಮರುದಿನವೇ ನಾದಿನಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು, ಒಂದು ಸ್ಟೀಲಿನ ಡಬ್ಬಿ ಹಿಡಿದು ಬಸ್ಸಿನಿಂದಿಳಿದರು. ಬಿಸಿಲಿಗೆ ಖಮೀರು ಉಬ್ಬಿ, ಡಬ್ಬಿಯ ಮುಚ್ಚಳವನ್ನೇ ತಳ್ಳಿ ಹೊರಗೆ ಬಂದಿತ್ತಂತೆ. “ಕೊಟ್ಟದ್ದು ತಿರುಗಿ ಬಂತು ತಮ್ಮಾ. ಕೊಡದಿದ್ರ ಎಲ್ಲಿಂದ ಬರತಿತ್ತು?” ಎಂದರು.

ಈ ಮಾತು ಕೇಳಿದಾಗ ನನಗೆ ಫ. ಗು. ಹಳಕಟ್ಟಿಯವರ ನೆನಪಾಯಿತು. ವಿಜಯಪುರದಲ್ಲಿ ನೆಲೆಸಿದ್ದ ಅವರು ಮನೆಮನೆ, ಮಠಮಠ ಅಲೆದು ತಾಡೋಲೆಗಳನ್ನು ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಒಂದು ಕಡೆ ಓಲೆ ಗೆದ್ದಲು ತಿಂದು ಹೋಗಿದ್ದರೂ ಇನ್ನೊಂದು ಮನೆಯಲ್ಲಿ ಯಾರೋ ಮಾಡಿಕೊಂಡ ಪ್ರತಿ ಉಳಿದಿರುತ್ತಿತ್ತು. ಹಂಚಿಕೊಂಡದ್ದು ಉಳಿಯುತ್ತದೆ. ಒಂದೇ ಕಡೆ ಬಚ್ಚಿಟ್ಟದ್ದಕ್ಕೆ ಒಂದು ತಿಂಗಳ ಕಾಯಿಲೆ ಸಾಕು. ವಿಜ್ಞಾನದ ದೃಷ್ಟಿಯಿಂದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಕಮಲಾಪುರದಿಂದ ಬಂದ ಖಮೀರು ಅಕ್ಷರಶಃ ಹಳೆಯದೇ ಆಗಿರಲಾರದು. ಅಲ್ಲಿಯ ಹಿಟ್ಟು, ಅಲ್ಲಿಯ ಕೈಗಳ ಜತೆ ಅದರೊಳಗಿನ ಸೂಕ್ಷ್ಮಜೀವಿಗಳೂ ಬದಲಾಗಿರುತ್ತವೆ. ನಕಲು ಮಾಡಿದ ಓಲೆಯಲ್ಲಿಯೂ ಪಾಠಾಂತರಗಳಿರುತ್ತವೆ. ಹಾಗಿದ್ದರೂ ಅದು ಅದೇ ಕೃತಿಯೇ.

ಈಗ ಆ ಮನೆಯ ಮಕ್ಕಳು ಬೆಂಗಳೂರು, ಹೈದರಾಬಾದುಗಳಲ್ಲಿದ್ದಾರೆ. ಹಬ್ಬಕ್ಕೆ ಬಂದವರು ಶೀರ್‌ಮಾಲನ್ನು ಹಾಲಿನ ಕೆನೆಯ ಜತೆ ತಿಂದು, ಅಜ್ಜಿಯನ್ನು ಹೊಗಳಿ ಹೋಗುತ್ತಾರೆ. ಡಬ್ಬಿಯನ್ನು ಯಾರೂ ಕೇಳಿರಲಿಲ್ಲ. ನಾನು ಹೊರಡುವ ದಿನ ಪಿಯುಸಿ ಓದುವ ಮೊಮ್ಮಗಳು ಒಂದು ನೋಟುಪುಸ್ತಕ ತಂದು, ಅಜ್ಜಿಯ ಕಪ್ಪಿನಲ್ಲಿ ಹಿಡಿಯುವ ತುಪ್ಪವನ್ನು ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳುತ್ತಿದ್ದಳು. 160 ಗ್ರಾಂ ಬಂತು.

ವಿದ್ಯಾರ್ಥಿ ಮಿತ್ರರೇ, ನೀವೂ ಇದನ್ನೇ ಮಾಡಿ. ನಿಮ್ಮ ಮನೆಯ ಹಬ್ಬದ ತಿನಿಸು ಹೋಳಿಗೆಯಾಗಿರಬಹುದು, ಕರಿಗಡುಬಾಗಿರಬಹುದು, ಕ್ರಿಸ್‌ಮಸ್ಸಿನ ಕೇಕಾಗಿರಬಹುದು. ಅದನ್ನು ಮಾಡುವವರ ಪಕ್ಕದಲ್ಲಿ ಒಂದು ದಿನ ಕುಳಿತು ತೂಕ, ಹೊತ್ತು, ಪಾತ್ರೆ, ಹವೆ ಎಲ್ಲವನ್ನೂ ಬರೆದುಕೊಳ್ಳಿ. ಯಾರಿಂದ ಕಲಿತಿರಿ, ಯಾವ ವರ್ಷ, ಯಾವ ಊರಿನಲ್ಲಿ ಎಂದು ಕೇಳಿ. ಅವರು ಬಳಸುವ ಪದವನ್ನು ತಿದ್ದದೆ ಹಾಗೆಯೇ ಬರೆಯಿರಿ. ಬರೆದದ್ದರ ಒಂದು ಪ್ರತಿಯನ್ನು ಬೇರೊಂದು ಮನೆಯಲ್ಲಿ ಇಡಿ. ಸಾಧ್ಯವಾದರೆ ಒಮ್ಮೆ ನೀವೇ ಮಾಡಿ ನೋಡಿ. ಹಾಲಿನ ಬಿಸಿಯನ್ನು ಮಾತ್ರ ಮೊದಲು ಬೆರಳಿಟ್ಟು ಪರೀಕ್ಷಿಸಿ.